ತಾಯಿಬಳಿಯ ಸಮಾಜ: ಕಲಿಯಬೇಕಾದದ್ದು, ಕೈಬಿಡಬೇಕಾದದ್ದು

(ನಂಜನಗೂಡು ತಾಲ್ಲೂಕಿನ ತಾಂಡವಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಾತೃಪ್ರಧಾನ ಸಮಾಜದ ರಾಜಕೀಯ ಮತ್ತು ಸಾಮಾಜಿಕ ಆದರ್ಶಗಳನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಮಣ್ಣು, ಬೀಜ, ನೀರುಗಳನ್ನು ಅಧ್ಯಯನ ಮಾಡುವ ಕೃಷಿ ವಿಜ್ಞಾನದವರಿಗೆ ಈ ವಿಷಯ ಹೇಗೆ ಸಂಬಂಧಿಸುತ್ತದೆ ಎಂದು ಕೆಲವರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಮಣ್ಣಿನ ಸ್ಥಿತಿಯು ಗೊಬ್ಬರ ಮತ್ತು ಮಳೆಗಳಿಂದ ಎಷ್ಟು ನಿರ್ಧಾರವಾಗುತ್ತದೆಯೋ, ಆ ಮಣ್ಣಿನ ಒಡೆತನ ಯಾರದು, ಅದು ಮುಂದೆ ಯಾರಿಗೆ ಹೋಗುತ್ತದೆ, ಅದನ್ನು ಮಾರುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರಿಂದಲೂ ಅಷ್ಟೇ ನಿರ್ಧಾರವಾಗುತ್ತದೆ.

ಮೊದಲಿಗೆ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಮಾತೃಪ್ರಧಾನ ಎಂದರೆ ಅಧಿಕಾರವೇ ಹೆಂಗಸರ ಕೈಯಲ್ಲಿರುವ ವ್ಯವಸ್ಥೆ. ಮಾತೃವಂಶೀಯ ಎಂದರೆ ವಂಶ ಮತ್ತು ಆಸ್ತಿ ತಾಯಿಯ ಕಡೆಯಿಂದ ಹರಿದು ಬರುವ ವ್ಯವಸ್ಥೆ. 1861ರಲ್ಲಿ ಬಾಖೋಫೆನ್ ಎಂಬ ಸ್ವಿಸ್ ವಿದ್ವಾಂಸರು ಮಾನವಕುಲದ ಆರಂಭದಲ್ಲಿ ಎಲ್ಲೆಡೆ ತಾಯಂದಿರ ಆಳ್ವಿಕೆ ಇತ್ತೆಂದು ವಾದಿಸಿದರು. ಆ ವಾದವನ್ನು ನಂತರದ ಮಾನವಶಾಸ್ತ್ರಜ್ಞರು ಒಪ್ಪಲಿಲ್ಲ. ಆದರೆ ಮಾತೃವಂಶೀಯ ಸಮಾಜಗಳು ಕಲ್ಪನೆಯಲ್ಲ. ಅಂಥದೊಂದು ಸಮಾಜ ನಮ್ಮ ಕರ್ನಾಟಕದಲ್ಲಿಯೇ, ಘಟ್ಟದ ಕೆಳಗೆ, ಇತ್ತೀಚಿನವರೆಗೂ ಜೀವಂತವಾಗಿತ್ತು.

ಕಪಿಲೆಯ ಮೇಲ್ಭಾಗದಲ್ಲಿ

ಘಟ್ಟ ಇಳಿಯುವ ಮೊದಲು ನಿಮ್ಮ ನದಿಯನ್ನೇ ನೋಡೋಣ. ನಂಜನಗೂಡಿನ ಬಳಿ ಹರಿಯುವ ಕಪಿಲೆ ಹುಟ್ಟುವುದು ವಯನಾಡಿನ ಬೆಟ್ಟಗಳಲ್ಲಿ. ಆ ಬೆಟ್ಟಗಳಲ್ಲಿ ಭತ್ತ ಬೆಳೆಯುವ ಕುರಿಚಿಯ ಎಂಬ ಆದಿವಾಸಿ ಸಮುದಾಯವಿದೆ. ಅವರ ಸಾಂಪ್ರದಾಯಿಕ ಅವಿಭಕ್ತ ಕುಟುಂಬ ಮಾತೃವಂಶೀಯವಾದುದು. ಹತ್ತಾರು ದೇಸಿ ಭತ್ತದ ತಳಿಗಳನ್ನು ಉಳಿಸಿದ್ದಕ್ಕಾಗಿ 2023ರಲ್ಲಿ ಪದ್ಮಶ್ರೀ ಗೌರವ ಪಡೆದ ಚೆರುವಯಲ್ ರಾಮನ್ ಅವರು ಈ ಸಮುದಾಯದವರು. ನಿಮ್ಮ ಗದ್ದೆಗೆ ನೀರು ಕಳುಹಿಸುವ ನದಿಯ ಮೇಲ್ಭಾಗದಲ್ಲಿ ತಾಯಿಯ ಕಡೆಯಿಂದ ನೆಲದ ಸಂಬಂಧವನ್ನು ಎಣಿಸುವ ಜನರಿದ್ದಾರೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಹಳೆಯ ಮೈಸೂರಿನ ಪದ್ಧತಿ ಬೇರೆ. ಇಲ್ಲಿ ಹೆಣ್ಣು ಆಳಿದ್ದಿಲ್ಲವೇ ಎಂದರೆ, ಆಳಿದ್ದಾಳೆ. ವಾಣಿವಿಲಾಸ ಸನ್ನಿಧಾನವೆಂದು ಪ್ರಸಿದ್ಧರಾದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1895ರಿಂದ 1902ರವರೆಗೆ ರಾಜ್ಯಭಾರ ನಡೆಸಿದರು. ಶಿವನಸಮುದ್ರದ ಜಲವಿದ್ಯುತ್ ಯೋಜನೆ ರೂಪುಗೊಂಡದ್ದು ಅವರ ಕಾಲದಲ್ಲಿ. ಮಾರಿಕಣಿವೆಯ ಜಲಾಶಯಕ್ಕೆ ಅವರದೇ ಹೆಸರು. ಆದರೆ ಅವರು ಆಳಿದ್ದು ರಾಜಪ್ರತಿನಿಧಿಯಾಗಿ. ಮಗ ಪ್ರಾಪ್ತವಯಸ್ಕನಾಗುವವರೆಗೆ ಸಿಂಹಾಸನವನ್ನು ಕಾಯುವುದು ಅವರ ಪಾಲಿಗೆ ಬಂದ ಕರ್ತವ್ಯವಾಗಿತ್ತು. ಹೆಣ್ಣಿನ ಸಾಮರ್ಥ್ಯಕ್ಕೆ ಕೊರತೆಯಿರಲಿಲ್ಲ, ಹಕ್ಕಿಗೆ ಅವಧಿಯಿತ್ತು.

ಘಟ್ಟದ ಕೆಳಗಿನ ಚಿತ್ರವನ್ನು ಇದರ ಪಕ್ಕದಲ್ಲಿಡಿ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಉಳ್ಳಾಲದ ಚೌಟ ಮನೆತನದ ಅಬ್ಬಕ್ಕ ಅದೇ ಪೋರ್ಚುಗೀಸರನ್ನು ಎದುರಿಸಿದಳು. ಚೌಟರಲ್ಲಿ ಪಟ್ಟವು ಸೋದರಮಾವನಿಂದ ಸೋದರಿಯ ಮಕ್ಕಳಿಗೆ ಬರುತ್ತಿತ್ತು. ಹೀಗಾಗಿ ಅಬ್ಬಕ್ಕನ ಪಟ್ಟ ಅವಳಿಗೆ ಹುಟ್ಟಿನಿಂದ ಬಂದದ್ದೇ ಹೊರತು ಗಂಡನಿಂದಲೋ ಮಗನಿಂದಲೋ ಬಂದದ್ದಲ್ಲ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡನು. ಅರಮನೆಯ ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಆಕೆ ಬರಿಗಾಲಿನಲ್ಲಿ ನಡೆದು, ನೀರು ಹರಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ನೋಡಲು ಹೊರಟಿದ್ದಳು. ಆಡಂಬರದ ರಾಣಿಯನ್ನು ನಿರೀಕ್ಷಿಸಿದ್ದ ಪ್ರವಾಸಿಗೆ ಅಚ್ಚರಿಯಾಯಿತು. ನಮಗೆ ಅಚ್ಚರಿಯಾಗಬೇಕಾಗಿಲ್ಲ. ನೆಲ ತನ್ನದೆಂದು ತಿಳಿದವರು ಕಾಲುವೆಯ ಬದುವಿನ ಮೇಲೆ ನಡೆಯುತ್ತಾರೆ.

ಅಳಿಯಸಂತಾನದ ಕಟ್ಟು

ತುಳುನಾಡಿನಲ್ಲಿ, ಅಂದರೆ ಇಂದಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮತ್ತು ಕಾಸರಗೋಡಿನ ಭಾಗದಲ್ಲಿ, ಬಂಟರು, ಬಿಲ್ಲವರು, ಮೊಗವೀರರು, ಜೈನರಲ್ಲಿ ಹಲವರು ಮತ್ತು ಇತರ ಕೆಲವು ಸಮುದಾಯಗಳು ಅನುಸರಿಸಿದ ಪದ್ಧತಿಯ ಹೆಸರು ಅಳಿಯಸಂತಾನ. ಇಲ್ಲಿ ಅಳಿಯ ಎಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಮಗು ಹುಟ್ಟಿದೊಡನೆ ತಾಯಿಯ ಬಳಿಗೆ ಸೇರುತ್ತದೆ. ಒಂದೇ ಬಳಿಯವರು ಪರಸ್ಪರ ಮದುವೆಯಾಗುವುದಿಲ್ಲ. ಒಬ್ಬ ಮೂಲ ತಾಯಿಯಿಂದ ಹೆಣ್ಣುಮಕ್ಕಳ ಮೂಲಕ ಹುಟ್ಟಿ ಬಂದವರೆಲ್ಲರೂ ಸೇರಿ ಒಂದು ಕುಟುಂಬ. ಅದರೊಳಗಿನ ಕವಲಿಗೆ ಕವರು ಎಂದು ಹೆಸರು. ಹೆಣ್ಣು ಮದುವೆಯಾಗಿ ಗಂಡನ ಮನೆಯಲ್ಲಿದ್ದರೂ ಅವಳ ಹಕ್ಕು ತಾಯಿಯ ಕುಟುಂಬದಲ್ಲಿಯೇ ಉಳಿಯುತ್ತಿತ್ತು. ಹಿರಿಯ ಸದಸ್ಯರು ಗಂಡಾಗಿದ್ದರೆ ಯಜಮಾನ, ಹೆಣ್ಣಾಗಿದ್ದರೆ ಯಜಮಾನ್ತಿ.

ಈ ವ್ಯವಸ್ಥೆಯಲ್ಲಿ ನಾನು ಮೂರು ಆದರ್ಶಗಳನ್ನು ಕಾಣುತ್ತೇನೆ.

ಮೊದಲನೆಯದು, ನೆಲೆಯ ಭದ್ರತೆ. ವಿಧವೆಯಾದವಳಿಗೆ, ಗಂಡನನ್ನು ತೊರೆದವಳಿಗೆ, ಗಂಡನಿಂದ ತೊರೆಯಲ್ಪಟ್ಟವಳಿಗೆ ಹಿಂದಿರುಗಲು ಒಂದು ಮನೆಯಿತ್ತು. ಅದು ಅಣ್ಣನ ಕರುಣೆಯ ಮನೆಯಾಗಿರಲಿಲ್ಲ. ಅವಳ ಅನ್ನದ ತಟ್ಟೆ ಅಲ್ಲಿ ಹಕ್ಕಿನಿಂದ ಇತ್ತು. ಅವಳ ಮಕ್ಕಳು ಆ ಕುಟುಂಬದ ಅತಿಥಿಗಳಲ್ಲ, ವಾರಸುದಾರರು. ಮಗುವಿನ ಸ್ಥಾನವು ತಾಯಿಯಿಂದಲೇ ನಿರ್ಧಾರವಾಗುತ್ತಿದ್ದುದರಿಂದ ಹೆಣ್ಣುಮಗು ಹುಟ್ಟಿದರೆ ಮನೆತನ ಮುಗಿಯಿತೆಂಬ ದುಃಖಕ್ಕೆ ಅವಕಾಶವಿರಲಿಲ್ಲ. ಹೆಣ್ಣು ಹುಟ್ಟದಿದ್ದರೆ ಮಾತ್ರ ಕುಟುಂಬ ಮುಂದುವರಿಯುತ್ತಿರಲಿಲ್ಲ.

ಎರಡನೆಯದು, ಭೂಮಿಯ ಅವಿಭಾಜ್ಯತೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬರುವವರೆಗೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಡಬೇಕೆಂದು ಒಬ್ಬ ಸದಸ್ಯ ಒತ್ತಾಯಿಸುವಂತಿರಲಿಲ್ಲ. ಇದರ ಕೃಷಿ ಮಹತ್ವವನ್ನು ಗಮನಿಸಿ. ತುಳುನಾಡಿನ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ತಗ್ಗಿನ ಬೈಲಿನಲ್ಲಿ ನೀರು ಹೆಚ್ಚು, ನಡುವಿನ ಮಜಲಿನಲ್ಲಿ ಮಧ್ಯಮ, ಎತ್ತರದ ಬೆಟ್ಟುಗದ್ದೆಗೆ ಮಳೆಯೇ ಆಧಾರ. ಅದಕ್ಕೂ ಮೇಲೆ ಸೊಪ್ಪು, ಸೌದೆ ಕೊಡುವ ಕುಮ್ಕಿ ಜಾಗ. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಗುಡ್ಡದಲ್ಲಿ ಇಂಗಿದ ನೀರು ಬೈಲಿಗೆ. ಇದು ಒಂದೇ ದೇಹದ ಅಂಗಗಳಿದ್ದಂತೆ. ಇದನ್ನು ಒಂದೇ ಕುಟುಂಬ ಇಡಿಯಾಗಿ ನೋಡಿಕೊಂಡಾಗ ಗುಡ್ಡ ಬೋಳಾದರೆ ಬೈಲು ಒಣಗುತ್ತದೆಂಬ ಅರಿವು ಮನೆಯ ಲೆಕ್ಕದಲ್ಲಿಯೇ ಸೇರಿರುತ್ತದೆ. ಗುಡ್ಡ ಒಬ್ಬನಿಗೆ, ಬೈಲು ಇನ್ನೊಬ್ಬನಿಗೆ ಹೋದಾಗ ಆ ಅರಿವನ್ನು ಉಳಿಸಿಕೊಳ್ಳುವುದು ಕಷ್ಟ.

ಮೂರನೆಯ ಆದರ್ಶ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುತ್ತದೆ. ಅದು 1949ರ ಕಾಯ್ದೆಯ ಎರಡು ಪಾರಿಭಾಷಿಕ ಪದಗಳಲ್ಲಿ ಅಡಗಿದೆ. ಮುಂದೆ ಹೆಣ್ಣಿನ ಮೂಲಕ ಸಂತತಿ ಬೆಳೆಯಬಹುದಾದ ಕವಲು ಸಂತತಿ ಕವರು. ಅಂಥ ಸಾಧ್ಯತೆ ಇಲ್ಲದ ಕವಲು ನಿಸ್ಸಂತತಿ ಕವರು. ಪಾಲಾದಾಗ, ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ದೊರೆಯುತ್ತಿದ್ದುದು ಜೀವಿತಾವಧಿಯ ಹಕ್ಕು ಮಾತ್ರ. ಅವರು ಉಣ್ಣಬಹುದು, ಉತ್ತು ಬಿತ್ತಬಹುದು. ಅವರ ನಂತರ ನೆಲವು ಸಂತತಿ ಇರುವ ಕಡೆಗೆ ಮರಳಬೇಕು. ಇದರ ಹಿಂದಿನ ತತ್ತ್ವ ಸರಳ: ಭೂಮಿ ಇಂದು ಅದರ ಮೇಲೆ ನಿಂತವನದಲ್ಲ, ಮುಂದೆ ಹುಟ್ಟಲಿರುವವರದು. ಪರಿಸರ ಚಳವಳಿಯು ನೂರು ಸಭೆಗಳಲ್ಲಿ ಹೇಳಲು ಪ್ರಯತ್ನಿಸುವ ಮಾತು ಇದೇ ಅಲ್ಲವೇ? ಅದು ಇಲ್ಲಿ ಆಸ್ತಿಯ ಕಾನೂನಾಗಿತ್ತು.

ಬಳ್ಳಿ ಅವಳದು, ಚಾವಡಿ ಅವನದು

ಇಷ್ಟಕ್ಕೆ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಪದ್ಧತಿಯ ಹೆಸರನ್ನೇ ನೋಡಿ. ಅದು ಮಗಳಸಂತಾನವಲ್ಲ, ಅಳಿಯಸಂತಾನ. ಆಸ್ತಿ ಯಾರ ಮೂಲಕ ಹರಿಯಿತೋ ಅವಳ ಹೆಸರಿಲ್ಲ. ಕೊನೆಗೆ ಕೈಗೆ ಪಡೆದ ಗಂಡಿನ ಹೆಸರಿದೆ. ಈ ಕಟ್ಟಿನ ಮೂಲವನ್ನು ಹೇಳುವ ಭೂತಾಳಪಾಂಡ್ಯನ ಐತಿಹ್ಯವೂ ಹಾಗೆಯೇ. ಹಡಗನ್ನು ಹೊರಡಿಸಲು ಕುಂಡೋದರನೆಂಬ ಭೂತ ನರಬಲಿ ಕೇಳಿತಂತೆ. ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಅವನನ್ನು ಉಳಿಸಿತು; ಮಾವನ ಆಸ್ತಿ ಅಳಿಯನಿಗಾಯಿತು. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ಆದರೂ ಅದು ಒಂದು ವಿಷಯವನ್ನು ಬಿಟ್ಟುಕೊಡುತ್ತದೆ: ತ್ಯಾಗಕ್ಕೆ ಸಿದ್ಧಳಾದವಳು ಹೆಣ್ಣು, ಯಜಮಾನಿಕೆ ಬಂದದ್ದು ಅವಳ ಮಗನಿಗೆ.

ಯಜಮಾನ್ತಿ ಎಂಬ ಪದ ಕಾನೂನಿನಲ್ಲಿತ್ತು; ನಿತ್ಯದ ವ್ಯವಹಾರದಲ್ಲಿ ಮಾತ್ರ ಲೆಕ್ಕಪತ್ರ, ಗೇಣಿ, ಕಚೇರಿ, ಊರ ನ್ಯಾಯಪಂಚಾಯಿತಿಗಳು ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿದ್ದವು. ಈ ಬಿರುಕನ್ನು ತುಳುನಾಡಿನ ಜನರೇ ಕಂಡಿದ್ದರು. ಅವರ ಸಿರಿ ಪಾಡ್ದನವನ್ನು ಕೇಳಿದವರಿಗೆ ಇದು ತಿಳಿಯುತ್ತದೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರಲ್ಲಿ ದಾಖಲಿಸಿದರು. 1998ರಲ್ಲಿ ಅದು 15,683 ಸಾಲುಗಳ ಗ್ರಂಥವಾಗಿ ಪ್ರಕಟವಾಯಿತು. ಸಿರಿಯು ಸತ್ಯನಾಪುರದ ಬೆರ್ಮ ಆಳ್ವರ ಮೊಮ್ಮಗಳು, ಮನೆಯ ನಿಜವಾದ ಹಕ್ಕುದಾರಳು. ಅವಮಾನಿಸಿದ ಗಂಡ ಕಾಂತು ಪೂಂಜನನ್ನು ತೊರೆದು ಹೊರಡುವ ಧೈರ್ಯ ಅವಳಿಗಿದೆ, ಮತ್ತೆ ಮದುವೆಯಾಗುವ ಸ್ವಾತಂತ್ರ್ಯವೂ ಇದೆ. ಆದರೆ ಅಜ್ಜನ ಮನೆಯ ಹಕ್ಕಿನ ಪ್ರಶ್ನೆ ಊರ ಸಭೆಯ ಮುಂದೆ ಬಂದಾಗ, ಲಂಚ ತಿಂದ ಗಂಡಸರ ಸಭೆಯು ಅಣ್ಣು ಶೆಟ್ಟಿಯ ಪರವಾಗಿ ತೀರ್ಪು ಕೊಡುತ್ತದೆ. ವಂಶದ ನಿಯಮ ಅವಳ ಕಡೆಗಿತ್ತು. ನಿಯಮವನ್ನು ಓದುವವರು ಅವಳ ಕಡೆಗಿರಲಿಲ್ಲ. ಇಂದಿಗೂ ಕವತ್ತಾರಿನಂಥ ಕಡೆ ಸಿರಿಜಾತ್ರೆಯಲ್ಲಿ ನೂರಾರು ಹೆಂಗಸರು ಸಿರಿಯ ದುಃಖವನ್ನು ತಮ್ಮ ಮೈಮೇಲೆ ತಂದುಕೊಳ್ಳುವುದು ಏಕೆಂದು ಯೋಚಿಸಬೇಕು.

ಇದು ತುಳುನಾಡಿನ ಕಥೆ ಮಾತ್ರವಲ್ಲ. ಮೇಘಾಲಯದ ಬೆಟ್ಟಗಳಲ್ಲಿ ಖಾಸಿ ಸಮುದಾಯದ ಕಿರಿಯ ಮಗಳು ಮನೆತನದ ಆಸ್ತಿಗೆ ಪಾಲಕಿ. ಆದರೆ ದರ್ಬಾರ್ ಎಂಬ ಊರ ಸಭೆಯಿಂದ ಅಲ್ಲಿನ ಸಂಪ್ರದಾಯವು ಹೆಂಗಸರನ್ನು ಹೊರಗಿಟ್ಟಿತ್ತು.

ಇನ್ನೂ ಎರಡು ದೋಷಗಳನ್ನು ಹೇಳಬೇಕು. ಗಂಡ ಸತ್ತಾಗ ಹೆಂಡತಿ ಮಕ್ಕಳಿಗೆ ಅವನ ಕುಟುಂಬದ ಆಸ್ತಿಯಲ್ಲಿ ಹಕ್ಕಿರಲಿಲ್ಲ. ತಾಯಿಯ ಕುಟುಂಬ ಸಿರಿವಂತವಾಗಿದ್ದರೆ ಸರಿ. ಅದೂ ಬಡದಾಗಿದ್ದರೆ ತಂದೆಯೊಡನೆ ದುಡಿದ ಮಕ್ಕಳು ಬರಿಗೈಯಲ್ಲಿ ಹೊರಡಬೇಕಾಗುತ್ತಿತ್ತು. ಎರಡನೆಯದಾಗಿ, ಅವಿಭಾಜ್ಯವಾದ ಆ ದೊಡ್ಡ ಹಿಡುವಳಿಗಳನ್ನು ಉತ್ತವರು ಬಹಳ ಕಡೆ ಆ ಕುಟುಂಬದವರಲ್ಲ. ಚಾಲಗೇಣಿಯ ಒಕ್ಕಲುಗಳು ಮತ್ತು ನೆಲವೇ ಇಲ್ಲದ ದಲಿತ ಕೂಲಿಗಳು. ಗುತ್ತಿನ ಮನೆಯ ಯಜಮಾನ್ತಿಗೆ ಇದ್ದ ಭದ್ರತೆ ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸಿಗೆ ಇರಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಒಕ್ಕಲನ್ನು ಒಡೆಯನನ್ನಾಗಿ ಮಾಡಿತು. ಅದು ನ್ಯಾಯವಾದ, ಆಗಲೇಬೇಕಾಗಿದ್ದ ಕೆಲಸ. ಆದರೆ ಭೂನ್ಯಾಯ ಮಂಡಳಿಯ ಮುಂದೆ ಡಿಕ್ಲರೇಷನ್ ಕೊಟ್ಟವರು ಸಾಮಾನ್ಯವಾಗಿ ಮನೆಯ ಗಂಡಸರು; ಹಕ್ಕುಪತ್ರವೂ ಅವರ ಹೆಸರಿಗೇ ಬಂದಿತು. ನೆಲವು ಒಡೆಯರ ತಾಯಿಬಳಿಯಿಂದ ಒಕ್ಕಲಿನ ಗಂಡಸಿಗೆ ಬಂದಿತೇ ಹೊರತು ಒಕ್ಕಲಿನ ಹೆಂಗಸಿಗೆ ಬರಲಿಲ್ಲ.

ಹಾಗಾದರೆ ಅಳಿಯಸಂತಾನವನ್ನು ಮರಳಿ ತರಬೇಕೇ? ಬೇಡ, ಅದು ಸಾಧ್ಯವೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಕುಟುಂಬದ ಅವಿಭಕ್ತ ಹಕ್ಕನ್ನು ವ್ಯಕ್ತಿಯ ಹಕ್ಕಾಗಿ ಮಾರ್ಪಡಿಸಿತು. ಕಾಸರಗೋಡು ಸೇರಿದ ಕೇರಳದಲ್ಲಿ 1975ರ ಕಾಯ್ದೆಯು ಅವಿಭಕ್ತ ಕುಟುಂಬವನ್ನೇ ರದ್ದುಗೊಳಿಸಿತು. ನಾವು ಮಾಡಬೇಕಾದದ್ದು, ಅದರ ಆದರ್ಶವನ್ನು ಇಟ್ಟುಕೊಂಡು ಅದರ ಕುಂದನ್ನು ತುಂಬುವುದು.

ತವರು ಮತ್ತು ಪಾಲು

ಈಗ ನಿಮ್ಮೂರಿಗೆ ಬರುತ್ತೇನೆ. ಕಾನೂನಿನ ವಿಷಯದಲ್ಲಿ ಮೈಸೂರು ಹಿಂದೆ ಬಿದ್ದಿರಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ, 1933ರಲ್ಲಿ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು ಕುಟುಂಬದ ಪಾಲಿನ ಸಮಯದಲ್ಲಿ ವಿಧವೆ, ತಾಯಿ, ಅವಿವಾಹಿತ ಮಗಳಿಗೆ ಅಂಶವಿದೆಯೆಂದು ಒಪ್ಪಿತು. 1994ರಲ್ಲಿ ಕರ್ನಾಟಕವು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೆಗೆದುಹಾಕಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು.

ಕಾನೂನು ಇಷ್ಟು ಮುಂದೆ ಬಂದಿದ್ದರೂ ಪಹಣಿ ಏಕೆ ಬದಲಾಗಿಲ್ಲ? 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಕೃಷಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವಂಥವು ಶೇಕಡ 14ರಷ್ಟು ಮಾತ್ರ. ನಾಟಿ, ಕಳೆ, ಕಟಾವು, ಬೀಜದ ಆಯ್ಕೆ, ದನಕರುಗಳ ಪಾಲನೆಗಳಲ್ಲಿ ಹೆಂಗಸರ ದುಡಿಮೆ ಎಷ್ಟೆಂಬುದನ್ನು ನಾನು ಈ ಸಭೆಗೆ ಹೇಳಬೇಕಾಗಿಲ್ಲ.

ಕಾರಣವು ಕಾನೂನಿನಲ್ಲಿಲ್ಲ, ತವರು ಎಂಬ ಪದದಲ್ಲಿದೆ. ನಮ್ಮ ಹೆಣ್ಣುಮಗಳ ಮುಂದೆ ಎರಡು ತಟ್ಟೆಗಳ ತಕ್ಕಡಿಯನ್ನು ಇಡುತ್ತೇವೆ. ಒಂದರಲ್ಲಿ ಪಾಲು, ಇನ್ನೊಂದರಲ್ಲಿ ತವರು. ಪಾಲು ಕೇಳಿದರೆ ಅಣ್ಣ ಮುನಿಯುತ್ತಾನೆ, ಗೌರಿಹಬ್ಬದ ಬಾಗಿನ ನಿಲ್ಲುತ್ತದೆ, ಬಾಣಂತನಕ್ಕೆ ಕರೆಯುವವರಿರುವುದಿಲ್ಲ. ಆಕೆ ತವರನ್ನು ಆರಿಸಿಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಅದನ್ನು ನಾವು ಒಡಹುಟ್ಟಿದವರ ಪ್ರೀತಿ ಎಂದು ಕರೆಯುತ್ತೇವೆ. ಅಳಿಯಸಂತಾನದ ದೊಡ್ಡ ಪಾಠವಿರುವುದು ಇಲ್ಲಿಯೇ. ಆ ವ್ಯವಸ್ಥೆಯಲ್ಲಿ ತವರು ಮತ್ತು ಪಾಲು ಬೇರೆ ಬೇರೆಯಾಗಿರಲಿಲ್ಲ. ತವರೇ ಅವಳ ಪಾಲು. ಹಕ್ಕು ಇದ್ದುದರಿಂದ ಪ್ರೀತಿ ಅಲ್ಲಿ ಬತ್ತಿಹೋಗಲಿಲ್ಲ.

ಹೆಣ್ಣುಮಕ್ಕಳಿಗೂ ಪಾಲು ಕೊಟ್ಟರೆ ನೆಲ ಚೂರುಚೂರಾಗಿ ಬೇಸಾಯಕ್ಕೆ ಬಾರದಂತಾಗುತ್ತದೆ ಎಂಬ ಆಕ್ಷೇಪವಿದೆ. ನಾಲ್ಕು ಗಂಡುಮಕ್ಕಳು ಹಂಚಿಕೊಂಡಾಗ ಈ ಚಿಂತೆ ಯಾರಿಗೂ ಬರುವುದಿಲ್ಲ, ಅದಿರಲಿ. ಒಡೆತನಕ್ಕೆ ಹಲವರು ಇರಬಹುದು, ಉಳುಮೆ ಒಂದೇ ಆಗಿರಬಹುದು ಎಂಬುದನ್ನು ತುಳುನಾಡಿನ ಕುಟುಂಬಗಳು ತಲೆತಲಾಂತರದಿಂದ ನಡೆಸಿ ತೋರಿಸಿವೆ. ಅಕ್ಕತಂಗಿಯರ ಹೆಸರು ಜಂಟಿಯಾಗಿ ಪಹಣಿಯಲ್ಲಿರಲಿ. ಊರಿನಲ್ಲಿರುವವರು ಉತ್ತು, ಫಸಲಿನ ಪಾಲು ಕೊಡಲಿ. ಬದು, ಬಾವಿ, ಮರಗಳು ಒಡೆಯದೆ ಉಳಿಯಲಿ.

ಇದರಿಂದ ಪರಿಸರಕ್ಕೇನು ಲಾಭ? ಮೈಸೂರು–ನಂಜನಗೂಡು ರಸ್ತೆಯ ಪಕ್ಕದ ಈ ಊರಿನವರು ಹೊಲಗಳು ಕಾರ್ಖಾನೆಯ ನಿವೇಶನಗಳಾಗುವುದನ್ನು ಕಣ್ಣಾರೆ ಕಂಡವರು. ಭೂಮಿ ಮಾರಾಟವಾಗುವಾಗ ಯಾರ ಸಹಿ ಕೇಳುತ್ತಾರೆ? ಪಹಣಿಯಲ್ಲಿ ಹೆಸರಿರುವವರದು. ಹಣ ಯಾರಿಗೆ ಸೇರುತ್ತದೆ? ಅವರಿಗೇ. ಆ ಹೊಲದ ಅವರೆ, ತೊಗರಿ, ಸೊಪ್ಪುಗಳಿಂದ ಮನೆಯ ಒಲೆ ನಡೆಸಿದವಳನ್ನು ಯಾರೂ ಕೇಳುವುದಿಲ್ಲ. ಹೆಣ್ಣಾದವಳು ಎಂದಿಗೂ ನೆಲ ಮಾರುವುದಿಲ್ಲವೆಂದು ನಾನು ಹೇಳುತ್ತಿಲ್ಲ, ಅವಳೂ ಮನುಷ್ಯಳೇ. ಆದರೆ ಒಂದು ಸಹಿಯಿಂದ ಮಾರಾಟವಾಗುವ ನೆಲಕ್ಕಿಂತ ಐದು ಸಹಿ ಬೇಕಾಗುವ ನೆಲದ ಬಗ್ಗೆ ಮನೆಯೊಳಗೆ ಒಮ್ಮೆಯಾದರೂ ಚರ್ಚೆ ನಡೆಯುತ್ತದೆ.

ಬೆಟ್ಟದ ಮಾತೂ ಬೇರೆಯಲ್ಲ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರು ದಶಕಗಳ ಕಾಲ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದುಡಿದರು. ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ ಬೀಜ ತರುವ ಅವರ ಜ್ಞಾನ ಅಪೂರ್ವವಾದುದು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಜ್ಞಾನಕ್ಕೆ ಕೂಲಿ ದೊರೆಯಿತು, ಕೊನೆಗೆ ಪ್ರಶಸ್ತಿಯೂ ದೊರೆಯಿತು. ಯಾವ ಮರ ಕಡಿಯಬೇಕು, ಯಾವ ಗಿಡ ನೆಡಬೇಕೆಂದು ತೀರ್ಮಾನಿಸುವ ಮೇಜಿನ ಮುಂದೆ ಅಂಥವರಿಗೆ ಕುರ್ಚಿ ದೊರೆಯುವುದು ಯಾವಾಗ? ಬಳ್ಳಿ ಅವಳದು, ಚಾವಡಿ ಅವನದು ಎಂಬ ಹಳೆಯ ದೋಷ ಇಲ್ಲಿಯೂ ಮುಂದುವರಿದಿದೆ.

ಆದ್ದರಿಂದ ನಿಮ್ಮ ಮುಂದೆ ಮೂರು ಕೆಲಸಗಳನ್ನು ಇಡುತ್ತೇನೆ.

ಒಂದು, ಮನೆಯ ಹಿರಿಯರು ತೀರಿಕೊಂಡು ಪೌತಿ ಖಾತೆ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ಹಕ್ಕು ಬಿಡುಗಡೆ ಪತ್ರಕ್ಕೆ ಆತುರ ಪಡಬೇಡಿ. ವಿದ್ಯಾರ್ಥಿಗಳು ತಮ್ಮ ಮನೆಯ ಪಹಣಿಯನ್ನು ಒಮ್ಮೆ ತೆಗೆದು ಓದಿ, ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬುದನ್ನು ಅಜ್ಜಿಯ ಮುಂದೆ ಕುಳಿತು ಗಟ್ಟಿಯಾಗಿ ಹೇಳಿ.

ಎರಡು, ಬೆಟ್ಟದ ಊರುಗಳಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ದೊರೆಯುವ ಹಕ್ಕುಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲಿ ಜಂಟಿಯಾಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಹಾಗೆ ಬಂದಿದೆಯೇ ಎಂದು ಪ್ರತಿ ಮನೆಯಲ್ಲೂ ನೋಡಿಕೊಳ್ಳಿ.

ಮೂರು, ಸಭೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು 2010ರಿಂದ ಹೆಂಗಸರಿಗೆ ಮೀಸಲಾಗಿವೆ. ಖಾಸಿಯ ಹೆಣ್ಣಿಗೆ, ಸಿರಿಗೆ ಇಲ್ಲದಿದ್ದ ಚಾವಡಿ ನಿಮಗಿದೆ. ಕೆರೆ, ಗೋಮಾಳ, ಕಾಡುಗಳ ವಿಷಯ ಗ್ರಾಮಸಭೆಯ ಮುಂದೆ ಬಂದ ದಿನ ಸದಸ್ಯೆಯ ಬದಲು ಅವಳ ಗಂಡ ಮಾತನಾಡಲು ಎದ್ದರೆ, ಅವರನ್ನು ಗೌರವದಿಂದ ಕೂರಿಸಿ, ಅವಳ ಮಾತನ್ನು ಕೇಳಿ.

ಅಬ್ಬಕ್ಕನಂಥವರನ್ನು ಕುದುರೆಯ ಮೇಲೆ ಕತ್ತಿ ಹಿಡಿದ ಚಿತ್ರವಾಗಿ ಗೋಡೆಗೆ ಹಾಕುವುದು ಸುಲಭ. ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ಹೊರಟ ಆ ಹೆಂಗಸನ್ನು, ಅವಳಿಗಿದ್ದ ಹಕ್ಕಿನೊಡನೆ, ನಮ್ಮ ನಮ್ಮ ಮನೆಗಳಲ್ಲಿ ಒಪ್ಪಿಕೊಳ್ಳುವುದು ಕಷ್ಟ. ಆ ಕಷ್ಟದ ಕೆಲಸವನ್ನು ಕೈಗೊಳ್ಳಬೇಕೆಂದು ನಿಮ್ಮೆಲ್ಲರಲ್ಲಿ ವಿನಂತಿಸುತ್ತೇನೆ.